ಸಂಪಾದಕರ ಉತ್ತರ: ಕೂರ್ಲ್ಯಾಂಡ್ ಸೆಣಸದೆ ಅಳಿದದ್ದೇಕೆ?

ಮಾನ್ಯ ಓದುಗರೇ,

ಬಾಲ್ಟಿಕ್ ಸಮುದ್ರದ ದಡದಲ್ಲಿದ್ದ ಕೂರ್ಲ್ಯಾಂಡ್ ಎಂಬ ಪುಟ್ಟ ಸಂಸ್ಥಾನವು ಕೆರಿಬಿಯನ್ನಿನ ಟೊಬೇಗೊ ದ್ವೀಪದಲ್ಲಿ ವಸಾಹತು ಹೂಡಿತ್ತೆಂಬುದು ನಂಬತಕ್ಕ ಮಾತೇ, ನಿಜವೇ ಆಗಿದ್ದರೆ ಅಂಥ ರಾಜ್ಯವು 1795ರಲ್ಲಿ ಸೆಣಸದೆಯೇ ರಷ್ಯಾದ ಪಾಲಾದದ್ದು ಹೇಗೆ ಎಂದು ತಾವು ಕೇಳಿದ್ದೀರಿ. ಮಾತು ನಿಜ. ತಮ್ಮ ಎರಡನೆಯ ಪ್ರಶ್ನೆಗೆ ಉತ್ತರವು ಆ ಸಂಸ್ಥಾನದಲ್ಲಿ ಅಧಿಕಾರ ಯಾರ ಕೈಯಲ್ಲಿತ್ತು ಎಂಬುದರಲ್ಲಿದೆ.

ಇಂದಿನ ಲಾಟ್ವಿಯಾದ ಪಶ್ಚಿಮ ಮತ್ತು ದಕ್ಷಿಣ ಭಾಗಗಳನ್ನು ಒಳಗೊಂಡಿದ್ದ ಈ ಸಂಸ್ಥಾನ ಹುಟ್ಟಿದ್ದು 1561ರಲ್ಲಿ. ರಷ್ಯಾದ ಸೈನ್ಯದ ಎದುರು ನಿಲ್ಲಲಾರದೆ ಹೋದ ಲಿವೋನಿಯನ್ ಧರ್ಮಯೋಧರ ಸಂಘದ ಕೊನೆಯ ಮುಖ್ಯಸ್ಥ ಗೊಟ್ಟಾರ್ಡ್ ಕೆಟ್ಲರ್, ಸಂಘವನ್ನು ವಿಸರ್ಜಿಸಿ, ಪೋಲೆಂಡಿನ ದೊರೆಗೆ ಸಾಮಂತನಾಗಿ, ವಂಶಪಾರಂಪರ್ಯದ ಡ್ಯೂಕ್ ಪದವಿಯನ್ನು ಪಡೆದನು. ಸಂಘದಲ್ಲಿದ್ದ ಜರ್ಮನ್ ಯೋಧರು ಜಮೀನ್ದಾರರಾದರು. ಹೊಲ ಉಳುವ ಲಾಟ್ವಿಯನ್ ರೈತರು ಅವರ ಜೀತದಲ್ಲಿ ಉಳಿದರು.

ಡ್ಯೂಕನಿಗೂ ಈ ಜಮೀನ್ದಾರರಿಗೂ ನಡೆದ ಜಟಾಪಟಿಯೇ ಕೂರ್ಲ್ಯಾಂಡಿನ ಚರಿತ್ರೆಯ ತಿರುಳು ಎಂದು ನಾನು ತಿಳಿದಿದ್ದೇನೆ. ಗೊಟ್ಟಾರ್ಡನ ಮಗ ವಿಲ್ಹೆಲ್ಮ್ ಈ ಜಮೀನ್ದಾರರ ಹಕ್ಕುಗಳನ್ನು ಮೊಟಕುಗೊಳಿಸಹೊರಟನು. 1615ರಲ್ಲಿ ವಿರೋಧಿ ಗುಂಪಿನ ಮುಂದಾಳುಗಳಾದ ನೋಲ್ಡೆ ಸಹೋದರರಿಬ್ಬರು ರಾಜಧಾನಿ ಮಿಟೌನಲ್ಲಿ ಅವನ ಕಡೆಯವರಿಂದ ಹತರಾದರು. ಪೋಲೆಂಡಿನ ದೊರೆ ಜಮೀನ್ದಾರರ ಪಕ್ಷ ವಹಿಸಿದ್ದರಿಂದ ವಿಲ್ಹೆಲ್ಮ್ ಪದವಿ ಕಳೆದುಕೊಂಡು ದೇಶಾಂತರ ಹೋಗಬೇಕಾಯಿತು. 1617ರ ಹೊಸ ಶಾಸನವು ಆಡಳಿತದ ಹಿಡಿತವನ್ನು ಜಮೀನ್ದಾರ ಮನೆತನಗಳಿಂದ ಬಂದ ಸಲಹೆಗಾರರಿಗೆ ಒಪ್ಪಿಸಿತು.

ಟೊಬೇಗೊದ ಸಾಹಸಕ್ಕೆ ಕೈಹಾಕಿದ ಜೇಕಬ್ ಈ ವಿಲ್ಹೆಲ್ಮನ ಮಗನೇ. ತನ್ನ ದೊಡ್ಡಪ್ಪನ ನಂತರ 1642ರಲ್ಲಿ ಡ್ಯೂಕ್ ಆದ ಅವನು, ಜಮೀನ್ದಾರರ ಹಂಗಿಲ್ಲದ ತನ್ನ ಸ್ವಂತ ಭೂಮಿಯ ಆದಾಯವನ್ನೇ ನೆಚ್ಚಿಕೊಂಡು ಕಬ್ಬಿಣದ ಕುಲುಮೆಗಳನ್ನೂ ವಿಂಡೌ ಬಂದರಿನಲ್ಲಿ ಹಡಗುಕಟ್ಟೆಯನ್ನೂ ಬೆಳೆಸಿದನು. 1651ರಲ್ಲಿ ಆಫ್ರಿಕಾದ ಗ್ಯಾಂಬಿಯಾ ನದಿಯ ಒಂದು ನಡುಗಡ್ಡೆಯಲ್ಲಿ ಅವನ ಜನ ಕೋಟೆ ಕಟ್ಟಿದರು. 1654ರಲ್ಲಿ ಟೊಬೇಗೊದಲ್ಲಿ ನೆಲೆಯೂರಿದರು. ಅಲ್ಲಿನ ಒಂದು ಕೊಲ್ಲಿಗೆ ಇಂದಿಗೂ ಕೂರ್ಲ್ಯಾಂಡಿನ ಹೆಸರಿದೆ. ಆದರೆ ಇದನ್ನು ಬರಿಯ ಸಾಹಸಗಾಥೆಯೆಂದು ಓದಬಾರದೆಂಬುದು ನನ್ನ ವಿನಂತಿ. ಗ್ಯಾಂಬಿಯಾದ ಆ ನಡುಗಡ್ಡೆ ಈಗ ಕುಂಟಾ ಕಿಂಟೆ ದ್ವೀಪ. ಗುಲಾಮರ ವ್ಯಾಪಾರಕ್ಕೆ ಸಾಕ್ಷಿಯಾದ ತಾಣವಾಗಿ ಅದು 2003ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ವೈಭವ ಬಹಳ ಕಾಲ ನಿಲ್ಲಲಿಲ್ಲ. ಸ್ವೀಡನ್ನಿಗೂ ಪೋಲೆಂಡಿಗೂ ನಡೆದ ಯುದ್ಧದಲ್ಲಿ ಜೇಕಬ್ ತಟಸ್ಥನಾಗಿದ್ದರೂ 1658ರಲ್ಲಿ ಸ್ವೀಡಿಷ್ ಸೈನ್ಯ ಮಿಟೌ ಕೋಟೆಗೆ ಹಠಾತ್ತನೆ ನುಗ್ಗಿ ಅವನನ್ನು ಕುಟುಂಬ ಸಮೇತ ಸೆರೆಹಿಡಿಯಿತು. ಆ ಯುದ್ಧವನ್ನು ಮುಗಿಸಿದ 1660ರ ಒಲಿವಾ ಒಪ್ಪಂದದ ತರುವಾಯ ಅವನು ಬಿಡುಗಡೆಯಾಗುವಷ್ಟರಲ್ಲಿ ಟೊಬೇಗೊ ಡಚ್ಚರ ಕೈಸೇರಿತ್ತು. ಮರುವರ್ಷ ಗ್ಯಾಂಬಿಯಾದ ಕೋಟೆಯನ್ನು ಇಂಗ್ಲಿಷರು ಕಿತ್ತುಕೊಂಡರು.

ರಷ್ಯಾ ಒಳಬಂದದ್ದು ಮದುವೆಯ ಮೂಲಕ. ಜೇಕಬನ ಮೊಮ್ಮಗ ಫ್ರೆಡರಿಕ್ ವಿಲ್ಹೆಲ್ಮ್ 1710ರಲ್ಲಿ ಚಕ್ರವರ್ತಿ ಪೀಟರನ ಅಣ್ಣನ ಮಗಳು ಅನ್ನಾಳನ್ನು ವರಿಸಿದನು. ಮೂರು ತಿಂಗಳು ತುಂಬುವ ಮೊದಲೇ, ಪೀಟರ್ಸ್‌ಬರ್ಗಿನಿಂದ ಊರಿಗೆ ಮರಳುವ ದಾರಿಯಲ್ಲೇ ಅವನು ತೀರಿಕೊಂಡನು. ಹದಿನೇಳರ ವಿಧವೆಯನ್ನು ಪೀಟರ್ ಮಿಟೌಗೆ ಕಳುಹಿಸಿದನು; ಅಂದಿನಿಂದ ರಷ್ಯಾದ ಮಾತು ಅಲ್ಲಿ ನಡೆಯತೊಡಗಿತು. ಆಕೆ 1730ರಲ್ಲಿ ರಷ್ಯಾದ ಸಾಮ್ರಾಜ್ಞಿಯಾದಳು. 1737ರಲ್ಲಿ ಕೆಟ್ಲರ್ ವಂಶ ಅಳಿದಾಗ ಡ್ಯೂಕನಾಗಿ ಆಯ್ಕೆಯಾದವನು ಆಕೆಯ ಆಪ್ತ ಬಿರಾನ್. ವಾಸ್ತುಶಿಲ್ಪಿ ರಾಸ್ಟ್ರೆಲ್ಲಿ ಅವನಿಗಾಗಿ ರುಂಡಾಲೆಯಲ್ಲಿ ಕಟ್ಟಿದ ಅರಮನೆ ಇಂದಿಗೂ ನಿಂತಿದೆ.

1795ರ ಮಾರ್ಚ್‌ನಲ್ಲಿ, ಪೋಲೆಂಡ್ ಸಂಪೂರ್ಣ ಕುಸಿದಿದ್ದಾಗ, ಮಿಟೌನಲ್ಲಿ ಸೇರಿದ ಜಮೀನ್ದಾರರ ಸಭೆಯೇ ಸಾಮ್ರಾಜ್ಞಿ ಕ್ಯಾಥರೀನಳಿಗೆ ಶರಣಾಗುವ ನಿರ್ಣಯ ಕೈಗೊಂಡಿತು. ಬಿರಾನನ ಮಗ ಡ್ಯೂಕ್ ಪೀಟರ್ ಪರಿಹಾರದ ಹಣ ಪಡೆದು ಪದವಿ ತ್ಯಜಿಸಿದನು. ಜಮೀನ್ದಾರರ ಹಕ್ಕುಗಳು ರಷ್ಯಾದ ಆಳ್ವಿಕೆಯಲ್ಲೂ ಅಬಾಧಿತವಾಗಿ ಮುಂದುವರಿದವು. ಹಾಗಿರುವಾಗ ಡ್ಯೂಕನಿಗಾಗಿ ಕತ್ತಿ ಹಿರಿಯಲು ಅವರಿಗೆ ಕಾರಣವೇ ಇರಲಿಲ್ಲ. ಲಾಟ್ವಿಯನ್ ರೈತರ ಅಭಿಪ್ರಾಯವನ್ನಂತೂ ಯಾರೂ ಕೇಳಲಿಲ್ಲ. ಅವರ ಜೀತ ರದ್ದಾದದ್ದು 1817ರ ಕಾಯಿದೆಯಿಂದ, ಆಗಲೂ ಭೂಮಿ ಜಮೀನ್ದಾರರಲ್ಲೇ ಉಳಿಯಿತು.

— ಸಂಪಾದಕ