ಸಹಿ ಜಾಕ್ಸನ್ ಅವರದ್ದಲ್ಲ, ಪತ್ರ ಅಸಲಿ

ಓದುಗರ ಪತ್ರ: ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿರುವ ನಮ್ಮ ಮಗಳು ಹಳೇ ಸಾಮಾನಿನ ಅಂಗಡಿಯಲ್ಲಿ 1834ರ ಒಂದು ಭೂಮಂಜೂರಾತಿ ಪತ್ರ ಕೊಂಡಿದ್ದಾಳೆ. ಅಲ್ಲಿನ ಭೂಕಚೇರಿಯಿಂದ ಮಾರಾಟವಾದ 80 ಎಕರೆಯದು. ಕೆಳಗೆ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಹೆಸರಿದೆ. ಅಚ್ಚಿನ ಅಕ್ಷರ ಕಪ್ಪಗಿದೆ, ಕೈಬರಹ ಮಾತ್ರ ಕಂದು. ಹಾಳೆ ಸುಕ್ಕಾಗಿದೆ, ಮಡಿಕೆಗಳು ಸೇರುವಲ್ಲಿ ತೂತು ಬಿದ್ದಿದೆ. ಇದು ಅಸಲಿಯೇ? ಇಸ್ತ್ರಿ ಮಾಡಿ, ಲ್ಯಾಮಿನೇಷನ್ ಮಾಡಿಸಿ ಹಾಲ್‌ನಲ್ಲಿ ತೂಗುಹಾಕಬಹುದೇ? ಆ ಜಮೀನಿನ ಮೇಲೆ ನಮಗೇನಾದರೂ ಹಕ್ಕು ಬರುತ್ತದೆಯೇ?
— ಶಿವಮೊಗ್ಗದ ಓದುಗರು

ಸಂಪಾದಕರ ಉತ್ತರ:

ಮೊದಲು ಇಸ್ತ್ರಿ ಪೆಟ್ಟಿಗೆ ದೂರ ಇಡಿ. ನೀವು ಕಳಿಸಿದ ಫೋಟೊದಲ್ಲಿ ಕಾಣುವುದು ಕಾಗದವಲ್ಲ, ಚರ್ಮ. ಕರುವಿನದೋ ಕುರಿಯದೋ ಚರ್ಮವನ್ನು ಸುಣ್ಣದ ನೀರಲ್ಲಿ ನೆನೆಸಿ, ಕೂದಲು ಕೆರೆದು, ಚೌಕಟ್ಟಿಗೆ ಬಿಗಿಯಾಗಿ ಎಳೆದು ಕಟ್ಟಿ ಒಣಗಿಸುತ್ತಿದ್ದರು. ಹದ ಮಾಡಿದ ಚಪ್ಪಲಿ ಚರ್ಮದ ಹಾಗಲ್ಲ ಇದು. ಬಿಸಿ ತಾಗಿದರೆ ಮುದುಡುತ್ತದೆ, ಅಂಟಿನ ಹಾಗಾಗುತ್ತದೆ. ಆಮೇಲೆ ಯಾರೂ ಸರಿಮಾಡಲಾರರು. ಲ್ಯಾಮಿನೇಷನ್ ಅಂದರೂ ಬಿಸಿಯೇ ಅಲ್ವಾ? ಅದೂ ಬೇಡ.

ಸುಕ್ಕು ನೋಡಿ ಗಾಬರಿಯಾಗಬೇಡಿ. ಎಳೆದು ಒಣಗಿಸಿದ ಚರ್ಮಕ್ಕೆ ತೇವ ಸಿಕ್ಕರೆ ಮತ್ತೆ ಹಳೇ ಆಕಾರಕ್ಕೆ ಹೋಗಲು ನೋಡುತ್ತದೆ. ಹಾಗಾಗಿಯೇ ಅಲೆ ಎದ್ದಿದೆ. ಮಡಿಕೆಯ ತೂತಿಗೂ ಕಾರಣವಿದೆ. ಇಂಥ ಪತ್ರಗಳನ್ನು ಅಂಗೈಯಗಲಕ್ಕೆ ಮಡಚಿ ಪೆಟ್ಟಿಗೆಯಲ್ಲಿ ಇಡುತ್ತಿದ್ದರು, ಬೇಕಾದಾಗ ಬಿಡಿಸಿ ನೋಡುತ್ತಿದ್ದರು. ಎರಡು ಮಡಿಕೆ ಕೂಡುವ ಜಾಗವೇ ಮೊದಲು ಸವೆಯುವುದು. ನನಗಂತೂ ಚೂರೂ ಸವೆಯದ ಹಾಳೆ ಕಂಡರೇ ಜಾಸ್ತಿ ಅನುಮಾನ.

ಕಪ್ಪು, ಕಂದಿನ ಭೇದ ನಿಮಗೆ ಕೃತಕ ಅನ್ನಿಸಿದೆ. ಆದರೆ ಅಸಲಿಯಾಗಿದ್ದರೆ ಹಾಗೇ ಇರಬೇಕು. ಒಕ್ಕಣೆ ಎಲ್ಲರಿಗೂ ಒಂದೇ ಆದ್ದರಿಂದ ಅದನ್ನು ಅಚ್ಚು ಹಾಕಿಸಿ, ಹೆಸರು, ಊರು, ಜಮೀನಿನ ವಿವರಕ್ಕೆ ಖಾಲಿ ಜಾಗ ಬಿಡುತ್ತಿದ್ದರು. ಗುಮಾಸ್ತರು ಅದನ್ನು ತುಂಬುತ್ತಿದ್ದರು. ಅಚ್ಚಿನ ಮಸಿ ದೀಪದ ಕಾಡಿಗೆ ಮತ್ತು ಅಗಸೆ ಎಣ್ಣೆಯದು, ಅದು ಮಾಸುವುದಿಲ್ಲ. ಗುಮಾಸ್ತರ ಶಾಯಿ ಮಾಚಿಕಾಯಿ ಮತ್ತು ಕಬ್ಬಿಣದ ಲವಣದಿಂದ ಮಾಡಿದ್ದು. ಬರೆದಾಗ ಕಪ್ಪು, ವರ್ಷಗಳು ಕಳೆದಂತೆ ಕಂದು. ಈ ಶಾಯಿ ಕಾಗದವನ್ನು ತಿಂದು ತೂತು ಮಾಡುವುದುಂಟು. ಚರ್ಮದಲ್ಲಿ ಸುಣ್ಣದ ಅಂಶ ಉಳಿದಿರುವುದರಿಂದ ಅಷ್ಟು ಹಾನಿಯಿಲ್ಲ. ಆದರೆ ಚರ್ಮದೊಳಗೆ ಇಳಿಯದೆ ಮೇಲೇ ಕೂತಿರುತ್ತದೆ, ಬಗ್ಗಿಸಿದರೆ ಉದುರುತ್ತದೆ. ಮಾಸಿದ ಸಾಲುಗಳನ್ನು ಓದಲಾಗದಿದ್ದರೆ ನೇರಳಾತೀತ ದೀಪದಡಿ ಕಾಣಬಹುದು. ಆ ಬೆಳಕಿನಲ್ಲಿ ಚರ್ಮ ಹೊಳೆಯುತ್ತದೆ, ಶಾಯಿ ಕಪ್ಪಗೇ ಉಳಿಯುತ್ತದೆ.

ಈಗ ಸಹಿಯ ವಿಷಯ. ನಿಮಗೆ ಸ್ವಲ್ಪ ಬೇಸರವಾಗಬಹುದು. ಮೊದಲೆಲ್ಲ ಇಂಥ ಪತ್ರಗಳಿಗೆ ಅಧ್ಯಕ್ಷರು ಸ್ವಂತ ಕೈಯಿಂದಲೇ ಸಹಿ ಮಾಡಬೇಕಿತ್ತು. ಜಮೀನು ಮಾರಾಟ ಏರಿದಂತೆ ಸಹಿಗೆ ಕಾದ ಪತ್ರಗಳು ರಾಶಿ ಬಿದ್ದವು. 1833ರ ಮಾರ್ಚ್ 2ರಂದು ಸಂಸತ್ತು ಒಂದು ಕಾನೂನು ಮಾಡಿ, ಅಧ್ಯಕ್ಷರ ಹೆಸರನ್ನು ಕಾರ್ಯದರ್ಶಿಯೇ ಬರೆಯಬಹುದು ಎಂದಿತು. ಜಾಕ್ಸನ್ ಪರವಾಗಿ ಹೀಗೆ ಬರೆದವರಲ್ಲಿ ಅವರ ಹೆಂಡತಿಯ ಸೋದರಳಿಯ ಆಂಡ್ರ್ಯೂ ಜಾಕ್ಸನ್ ಡೊನೆಲ್ಸನ್ ಒಬ್ಬರು. ಹೆಸರೂ ಅದೇ, ನೋಡಿ! ನಿಮ್ಮದು 1834ರದು. ಜಾಕ್ಸನ್ ಹೆಸರಿನ ಕೆಳಗೆ ಸಣ್ಣಗೆ ಇನ್ನೊಂದು ಹೆಸರಿದೆಯಾ, ಮಗಳನ್ನು ಕೇಳಿ. ಇದ್ದರೆ ಪತ್ರ ಕಾನೂನಿನಂತೆ ಸರಿಯಾಗಿಯೇ ಇದೆ. ಜಾಕ್ಸನ್ ಸಹಿ ಎಂದು ಹೇಳಿ ಅಂಗಡಿಯವರು ಹೆಚ್ಚು ದುಡ್ಡು ತೆಗೆದುಕೊಂಡಿದ್ದರೆ ಮಾತ್ರ ಒಮ್ಮೆ ವಿಚಾರಿಸಬೇಕು.

ಮೇಲಿನ ಮೂಲೆಯಲ್ಲಿ ಸರ್ಟಿಫಿಕೇಟ್ ನಂಬರ್ ಇರುತ್ತದೆ. ಸಹಿಗಿಂತ ಅದು ಮುಖ್ಯ. 1820ರಿಂದ ಸರ್ಕಾರ ಸಾಲದ ಮೇಲೆ ಜಮೀನು ಮಾರುವುದನ್ನು ನಿಲ್ಲಿಸಿ ಎಕರೆಗೆ ಕನಿಷ್ಠ ಒಂದೂಕಾಲು ಡಾಲರ್ ಎಂದು ನಗದು ದರ ಇಟ್ಟಿತು. ಆ ದರದಲ್ಲಿ 80 ಎಕರೆಗೆ 100 ಡಾಲರ್. ರೈತ ಹಣ ಕಟ್ಟಿದ ಮೇಲೆ ಸ್ಥಳೀಯ ಕಚೇರಿಯ ಸರ್ಟಿಫಿಕೇಟ್ ವಾಷಿಂಗ್ಟನ್‌ಗೆ ಹೋಗಿ, ಅಲ್ಲಿಂದ ಈ ಪತ್ರ ಬರುತ್ತಿತ್ತು. ಅಷ್ಟರಲ್ಲಿ ಜಮೀನು ಇನ್ನೊಬ್ಬರ ಕೈ ಸೇರಿರುವುದೂ ಇತ್ತು. ಕಚೇರಿಯ ದಾಖಲೆ ಪುಸ್ತಕದಲ್ಲಿ ಪ್ರತಿ ಪತ್ರದ ನಕಲು ಇಡುತ್ತಿದ್ದರು. ಅಮೆರಿಕದ ಭೂನಿರ್ವಹಣಾ ಇಲಾಖೆ ಇಂಥ ಲಕ್ಷಾಂತರ ದಾಖಲೆಗಳನ್ನು ಆನ್‌ಲೈನ್‌ನಲ್ಲಿ ಉಚಿತವಾಗಿ ಇಟ್ಟಿದೆ. ಹೆಸರು ಹಾಕಿ ಹುಡುಕಿ, ನಂಬರ್ ತಾಳೆ ನೋಡಿ. ಅಸಲಿಯೋ ಅಲ್ಲವೋ ಎಂಬುದಕ್ಕೆ ಅದೇ ಒಳ್ಳೆಯ ಪರೀಕ್ಷೆ.

ಜಮೀನಿನ ವಿವರದಲ್ಲಿ ನಮ್ಮ ಕ್ರಯಪತ್ರದ ಚಕ್ಕುಬಂದಿ ಇರುವುದಿಲ್ಲ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ ಎಂದು ಯಾರೂ ಬರೆದಿಲ್ಲ. 1785ರ ಕಾನೂನಿನಂತೆ ನೆಲವನ್ನು ಆರು ಮೈಲಿಗೆ ಆರು ಮೈಲಿಯ ಚೌಕ ಮಾಡಿ, ಪ್ರತಿ ಚೌಕವನ್ನು 640 ಎಕರೆಯ 36 ಭಾಗ ಮಾಡಿದರು. 16ನೇ ಭಾಗ ಶಾಲೆಗೆ ಮೀಸಲು. ಅಳೆದದ್ದು 66 ಅಡಿಯ ಸರಪಳಿಯಿಂದ. ನಮ್ಮ ಗುಂಟೆ 33 ಅಡಿಯ ಚೌಕ, ಅಂದರೆ ಅದೇ ಸರಪಳಿಯ ಅರ್ಧ. ಎರಡೂ ಇಂಗ್ಲಿಷರ ಅಳತೆಯಿಂದಲೇ ಬಂದವು.

ಪತ್ರದಲ್ಲಿ ಇರದ ಹೆಸರುಗಳೂ ಇವೆ, ನೀವು ಕೇಳದಿದ್ದರೂ ಹೇಳಬೇಕು. ಆ ಭಾಗದ ಹೆಚ್ಚಿನ ನೆಲ 1818ರ ಅಕ್ಟೋಬರ್‌ನಲ್ಲಿ ಒಹಾಯೊದ ಸೇಂಟ್ ಮೇರೀಸ್‌ನಲ್ಲಿ ಆದ ಒಪ್ಪಂದಗಳಿಂದ ಸರ್ಕಾರದ ಕೈಗೆ ಬಂದದ್ದು. ಅಮೆರಿಕದ ಮೂಲನಿವಾಸಿಗಳಾದ ಡೆಲವೇರ್ ಜನರು ಇಂಡಿಯಾನಾದ ನೆಲವನ್ನೆಲ್ಲ ಬಿಟ್ಟುಕೊಟ್ಟರು. ಮೂರು ವರ್ಷ ಇರಬಹುದು, ಆಮೇಲೆ ಮಿಸ್ಸಿಸ್ಸಿಪ್ಪಿ ಆಚೆಗೆ ಹೋಗಬೇಕು ಎಂಬುದು ಷರತ್ತು. ಅಚ್ಚಿನ ಒಕ್ಕಣೆ ಓದಿದರೆ ಮಾತ್ರ ಆ ನೆಲ ಮೊದಲಿಂದಲೂ ಖಾಲಿ ಇತ್ತೇನೋ ಅನ್ನಿಸುತ್ತದೆ.

ಹಕ್ಕಿನ ಆಸೆ ಬಿಡಿ. ಇದು ಸರ್ಕಾರದಿಂದ ಮೊದಲ ಖರೀದಿದಾರನಿಗೆ ಹೋದ ಪತ್ರ ಅಷ್ಟೇ. ಅಲ್ಲಿಂದ ಈಚೆಗೆ ಎಷ್ಟು ಕೈ ಬದಲಾಗಿದೆ ಎಂಬುದು ಅಲ್ಲಿನ ಕೌಂಟಿ ಕಚೇರಿಯ ಪುಸ್ತಕದಲ್ಲಿದೆ. ಹಾಳೆ ಕೊಂಡವರಿಗೆ ಹಾಳೆ ಮಾತ್ರ.

ಹಾಗೇ ಅದನ್ನು ಶಿವಮೊಗ್ಗಕ್ಕೆ ತರಿಸುವುದೂ ಬೇಡ. ಮಳೆಗಾಲದಲ್ಲಿ ಚರ್ಮ ಉಬ್ಬಿ, ಬೇಸಿಗೆಯಲ್ಲಿ ಬಿಗಿದು, ಉಳಿದ ಶಾಯಿಯೂ ಉದುರುತ್ತದೆ. ಜತೆಗೆ ಬೂಷ್ಟು. ಮಗಳು ಅದನ್ನು ಬಿಡಿಸಿ, ಆಮ್ಲರಹಿತ ಫೋಲ್ಡರ್‌ನಲ್ಲಿ ಚಪ್ಪಟೆಯಾಗಿ, ಬಿಸಿಲು ಬೀಳದ ಕಡೆ ಇಡಲಿ. ಬಲವಂತವಾಗಿ ಬಿಡಿಸುವುದು ಬೇಡ, ಸೆಲೋ ಟೇಪ್ ಅಂತೂ ಬೇಡವೇ ಬೇಡ. ನಿಮ್ಮ ಹಾಲ್‌ಗೆ ಒಳ್ಳೆಯ ಬಣ್ಣದ ಪ್ರತಿ ತೆಗೆಸಿ ಕಟ್ಟು ಹಾಕಿಸಿ. ಅದಕ್ಕೆ ಬೇಕಾದರೆ ಲ್ಯಾಮಿನೇಷನ್ ಮಾಡಿಸಿಕೊಳ್ಳಿ.