ಅಮೋನಿಯಾ ಸೋರಿದರೆ ಯಾವ ಕಡೆಗೆ ಹೋಗಬೇಕು?

ಪ್ರಶ್ನೆ: ನಮ್ಮ ಮನೆ ಯೂರಿಯಾ ಕಾರ್ಖಾನೆಯೊಂದರ ಸಮೀಪದಲ್ಲಿದೆ. ಅಮೋನಿಯಾ ಹಗುರವಾದ್ದರಿಂದ ಸೋರಿದರೂ ಮೇಲೇರಿ ಹೋಗುತ್ತದೆ ಎನ್ನುತ್ತಾರೆ. ಇದು ನಿಜವೇ?

ಉತ್ತರ: ಅರ್ಧ ನಿಜ. ಈ ಅನಿಲ ಗಾಳಿಗಿಂತ ಹಗುರವೇ; ಆದರೆ ಕಾರ್ಖಾನೆಯ ದೊಡ್ಡ ಟ್ಯಾಂಕುಗಳಲ್ಲಿ ಅದನ್ನು ಸುಮಾರು ಮೈನಸ್ 33 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿ ದ್ರವರೂಪದಲ್ಲಿ ಇಟ್ಟಿರುತ್ತಾರಾದ್ದರಿಂದ, ಸೋರಿದಾಗ ಗಾಳಿಯ ತೇವದೊಡನೆ ಬೆರೆತು ಬಿಳಿ ಮಂಜಿನಂತೆ ನೆಲಕ್ಕಂಟಿಕೊಂಡೇ ಹರಿಯಬಹುದು. ಆಗ ತೆಂಗಿನ ಗರಿ ಯಾವ ಕಡೆಗೆ ಬಾಗುತ್ತಿದೆಯೆಂದು ನೋಡಿ, ಗಾಳಿ ಬೀಸುವ ದಿಕ್ಕಿಗೆ ಅಡ್ಡಲಾಗಿ, ಅಂದರೆ ಅದರ ಎಡಕ್ಕೋ ಬಲಕ್ಕೋ, ದೂರ ಸರಿಯಬೇಕು. ಅಮೋನಿಯಾ ನೀರಿನಲ್ಲಿ ಬಲು ಬೇಗ ಕರಗುವುದರಿಂದ ಮೂಗು, ಬಾಯಿಗೆ ಹಿಡಿದ ಒದ್ದೆ ಬಟ್ಟೆ ಸ್ವಲ್ಪಮಟ್ಟಿಗೆ ನೆರವಾಗುತ್ತದೆ. 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳ ಪ್ರಕಾರ ಇಂಥ ಅವಘಡವನ್ನು ಎದುರಿಸುವ ಅಣಕು ಕಾರ್ಯಾಚರಣೆಯು ಕಾರ್ಖಾನೆಯೊಳಗೆ ಆರು ತಿಂಗಳಿಗೊಮ್ಮೆ, ಹೊರಗೆ ವರ್ಷಕ್ಕೊಮ್ಮೆಯಾದರೂ ನಡೆಯಬೇಕು. ಅದನ್ನು ಜಾತ್ರೆಯಂತೆ ನೋಡಿ ಮರಳದೆ, ಸೈರನ್ನಿನ ಅರ್ಥವನ್ನೂ ಸೇರಬೇಕಾದ ಜಾಗವನ್ನೂ ಅಲ್ಲಿಯೇ ಕೇಳಿ ತಿಳಿದುಕೊಳ್ಳಿ.