ಖಾರದ ಮೆಣಸಿನಕಾಯಿ ತಿಂದರೆ ದೇಹದ ಉಷ್ಣತೆ ಏರುತ್ತದೆಯೇ?

ಖಾರ ತಿಂದಾಗ ಮೈ ಬಿಸಿಯಾದಂತೆ ಅನ್ನಿಸುವುದು ನಿಜವಾದರೂ, ಥರ್ಮಾಮೀಟರ್ ಇಟ್ಟು ನೋಡಿದರೆ ಜ್ವರ ಬಂದಾಗಿನಂತೆ ಉಷ್ಣತೆ ಏರಿರುವುದಿಲ್ಲ. ಮೆಣಸಿನಕಾಯಿಯಲ್ಲಿ, ಅದರಲ್ಲೂ ಬೀಜಗಳು ಅಂಟಿಕೊಂಡಿರುವ ಒಳಗಿನ ಬಿಳಿ ಭಾಗದಲ್ಲಿ ಹೆಚ್ಚಾಗಿರುವ ಕ್ಯಾಪ್ಸೈಸಿನ್ ಎಂಬ ರಾಸಾಯನಿಕವು ಬಾಯಿಯ ನರತುದಿಗಳಲ್ಲಿರುವ ಟಿಆರ್‌ಪಿವಿ1 ಎಂಬ ಗ್ರಾಹಕವನ್ನು ಪ್ರಚೋದಿಸುತ್ತದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿ ತಗುಲಿದಾಗ ಎಚ್ಚರಿಸುವುದೇ ಈ ಗ್ರಾಹಕದ ಕೆಲಸವಾದ್ದರಿಂದ, ಬಾಯಿ ಸುಡುತ್ತಿದೆ ಎಂಬ ಸಂದೇಶವೇ ಮಿದುಳನ್ನು ತಲುಪುತ್ತದೆ. 1997ರಲ್ಲಿ ಇದನ್ನು ಗುರುತಿಸಿದ ತಂಡದ ಮುಖ್ಯಸ್ಥ ಡೇವಿಡ್ ಜೂಲಿಯಸ್ ಅವರು 2021ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಆರ್ಡೆಮ್ ಪಟಪೌಟಿಯನ್ ಅವರೊಂದಿಗೆ ಹಂಚಿಕೊಂಡರು.

ಸಂದೇಶ ತಲುಪಿದೊಡನೆ ದೇಹವು ತನ್ನನ್ನು ತಂಪಾಗಿಸಿಕೊಳ್ಳಲು ತೊಡಗುತ್ತದೆ: ಚರ್ಮದ ರಕ್ತನಾಳಗಳು ಹಿಗ್ಗಿ ಮುಖ ಕೆಂಪೇರುತ್ತದೆ, ಹಣೆ, ಮೂಗು ಮತ್ತು ಮೇಲ್ದುಟಿಯ ಮೇಲೆ ಬೆವರಹನಿ ಮೂಡುತ್ತದೆ. ಆ ಬೆವರು ಆವಿಯಾಗುವಾಗ ಚರ್ಮದ ಶಾಖವನ್ನು ಹೀರಿಕೊಳ್ಳುವುದರಿಂದ ನಿಜವಾಗಿಯೂ ತುಸು ತಂಪಾಗುತ್ತದೆ. ಆದರೆ ರಾಯಚೂರಿನ ಒಣಹವೆಯಲ್ಲಿ ಸಿಗುವ ಈ ಲಾಭ, ಬೆವರು ಬೇಗ ಆರದ ಮಂಗಳೂರಿನ ಸೆಖೆಯಲ್ಲಿ ಅಷ್ಟಾಗಿ ಸಿಗದು. ಕ್ಯಾಪ್ಸೈಸಿನ್‌ನಿಂದ ದೇಹದ ಶಕ್ತಿವ್ಯಯವೂ ಸ್ವಲ್ಪ ಹೆಚ್ಚುತ್ತದೆ. ಆದರೆ ಆ ಏರಿಕೆ ತೀರಾ ಅಲ್ಪವಾದ್ದರಿಂದ, ತೂಕ ಇಳಿಸಲು ಖಾರವನ್ನು ನೆಚ್ಚಿಕೊಳ್ಳುವುದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಇನ್ನು, ಎಷ್ಟು ಬೆವರುತ್ತೇವೆ ಎಂಬುದು ಕಾಯಿಯ ಬಣ್ಣವನ್ನು ಅವಲಂಬಿಸಿಲ್ಲ. ಕಡುಗೆಂಪಿನ ಬ್ಯಾಡಗಿ ಮೆಣಸಿನಕಾಯಿಯ ಖಾರ ಗುಂಟೂರಿನದಕ್ಕಿಂತ ಬಹಳ ಕಡಿಮೆ.